ಫಿನೈಲ್ ಸುರಿದರೆ ಹೋಗುವ ನಾತವಲ್ಲ

2019ರಲ್ಲಿ ಗಣಪತಿ ಹಬ್ಬ ಮುಗಿದ ವಾರ, ಜಿಟಿಜಿಟಿ ಮಳೆ ಹಿಡಿದ ಒಂದು ಮಧ್ಯಾಹ್ನ, ನನ್ನ ನಾದಿನಿಯನ್ನು ನೋಡಲು ಬಬಲೇಶ್ವರದಿಂದ ಗಂಡಿನ ಕಡೆಯವರು ಬಂದಿದ್ದರು. ಹತ್ತು ಜನ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಶಿರಾ ಉಪ್ಪಿಟ್ಟು ಮಾಡಿ, ಚಹಾಕ್ಕೆ ಏಲಕ್ಕಿ ಕುಟ್ಟಿ ಹಾಕಿ ಎಲ್ಲ ಸಾಂಗವಾಗಿ ನಡೆದಿತ್ತು. ಹುಡುಗನ ಸೋದರತ್ತೆ ಬಸಿ ಕೆಳಗಿಟ್ಟವರು ಸೆರಗು ಮೂಗಿಗೆ ಹಿಡಿದು, ಬಹಳ ಮೆತ್ತಗೆ, "ಮನಿ ಛಲೋ ಐತ್ರಿ. ಆದರ ಏನೋ ಒಂದ ನಾತ ಬರಾಕತ್ತೈತಲ್ಲ?" ಅಂದರು.

ಆ ಕ್ಷಣದಲ್ಲಿ ಯಾರ್‍ಯಾರು ಎಲ್ಲೆಲ್ಲಿ ನೋಡಿದರು ಎನ್ನುವುದು ನನಗೆ ಇವತ್ತಿಗೂ ನೆನಪಿದೆ. ನನ್ನ ಗಂಡ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದರು. ಮೈದುನ ಮೊಬೈಲ್ ತೆಗೆದ. ಮಾವನವರು ಕೆಮ್ಮಿದರು. ಅತ್ತೆಯವರು ನನ್ನನ್ನು ನೋಡಿದರು. ಉಚ್ಚೆ ಹೊಯ್ದಿದ್ದು ಬೆಕ್ಕು. ಅದು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಕೂತು ಬಂದವರನ್ನೆಲ್ಲ ಎಣಿಸುತ್ತಿತ್ತು. ಅದರ ಕಡೆ ಯಾರೂ ನೋಡಲಿಲ್ಲ.

ನಮ್ಮ ಊರುಗಳಲ್ಲಿ ಮನೆ ಕಟ್ಟಿಸಿದ್ದು ಗಂಡಸು, ಮನೆ ನಾರಿದರೆ ಹೆಂಗಸು. ಈ ಲೆಕ್ಕವನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಆದರೂ ಎಲ್ಲರಿಗೂ ಬಾಯಿಪಾಠ. ನಾನು ಈ ಪ್ರಬಂಧ ಬರೆಯುತ್ತಿರುವುದು ಬೆಕ್ಕಿನ ಉಚ್ಚೆಯ ಬಗ್ಗೆಯೇ. ಇಂಥ ವಿಷಯ ಬರೆಯುವುದೇ ಎಂದು ಮೂಗು ಮುರಿಯುವವರು ಮುಂದಿನ ಪುಟಕ್ಕೆ ಹೋಗಬಹುದು. ಹೋಗುವ ಮೊದಲು ಅವರು ತಮ್ಮ ಮನೆಯ ದಿವಾನದ ಹಿಂದಿನ ಮೂಲೆಯನ್ನು ಒಮ್ಮೆ ಮೂಸಿ ನೋಡಿ ಹೋಗಲಿ.

ಬೆಕ್ಕು ನನ್ನ ತವರಿನದು, ತಿಕೋಟಾದ್ದು. ನಮ್ಮಪ್ಪನ ಮನೆಯಲ್ಲಿ ಬೆಕ್ಕು ಶೋಕಿಯ ಪ್ರಾಣಿಯಲ್ಲ, ಆಳುಮಗ. ಜೋಳದ ಚೀಲ, ಕಡಲೆ, ಈಗೀಗ ಒಣದ್ರಾಕ್ಷಿಯ ಪೆಟ್ಟಿಗೆ ಇರುವ ಕಡೆ ಇಲಿ ಇರುತ್ತದೆ, ಇಲಿ ಇರುವ ಕಡೆ ಬೆಕ್ಕು ಬೇಕೇ ಬೇಕು. ವಿಜಯಪುರದ ನಮ್ಮ ಮನೆಯ ಕೋಣೆಯಲ್ಲಿ ಇಲಿ ಜೋಳದ ಚೀಲ ಕೊರೆದಾಗ ಅತ್ತೆಯವರೇ, "ನಿಮ್ಮ ಊರಾಗಿಂದ ಒಂದ ಬೆಕ್ಕ ತರಸ ಯವ್ವಾ" ಅಂದಿದ್ದರು. ಅವ್ವ ಬುಟ್ಟಿಯಲ್ಲಿ ಮುಚ್ಚಿ ಕಳಿಸಿದಳು. ಗಂಡುಮರಿ, ಬೂದಿ ಬಣ್ಣ. ಬಾಳ್ಯಾ ಎಂದು ಕರೆದೆವು. ಒಂದು ವರ್ಷದಲ್ಲಿ ಇಲಿ ಖಾಲಿಯಾದವು, ಬಾಳ್ಯಾ ದೊಡ್ಡ ಮಾಳಬೆಕ್ಕಾದ. ಆಮೇಲೆ ಶುರುವಾಯಿತು ನೋಡಿ. ಚೌಕಟ್ಟಿಗೆ ಬಾಲ ಎತ್ತಿ ಹೊಡೆದ. ಅಕ್ಕಿ ಡಬ್ಬಿಯ ಮಗ್ಗುಲಿಗೆ ಹೊಡೆದ. ಆ ಮಳೆಗಾಲದಲ್ಲಿ ಮಾತ್ರ ಬೇರೆ ತರಹ ಮಾಡಿದ: ಪಡಸಾಲೆಯ ಮೂಲೆಯಲ್ಲಿ, ಕೌದಿಯ ಮೇಲೆ, ಬಚ್ಚಲಿನ ಹೊಸ್ತಿಲಲ್ಲಿ, ಎಲ್ಲೆಂದರಲ್ಲಿ ಕೂತು ನಾಲ್ಕೇ ಹನಿ ಬಿಟ್ಟು ಎದ್ದು ಬರುವುದು, ಮತ್ತೆ ಹೋಗಿ ಕೂರುವುದು. ಆ ಬೇರೆ ತರಹದ ಅರ್ಥ ನನಗೆ ಆಗ ತಿಳಿಯಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ನಾನು ಮಾಡಿದ್ದೇನು? ಎಲ್ಲರೂ ಮಾಡುವುದನ್ನೇ. ಫಿನೈಲ್ ಸುರಿದೆ. ಊದಿನಕಡ್ಡಿ ಹಚ್ಚಿದೆ. ಕೆಂಡದ ಮೇಲೆ ಲೋಬಾನ ಹಾಕಿದೆ. ಮೂಲೆಗೆ ಡಾಂಬರ್ ಗುಳಿಗೆ ಇಟ್ಟೆ. ಮನೆ ಒಂದು ಗಂಟೆ ದವಾಖಾನೆಯ ವಾಸನೆ ಹೊಡೆಯುತ್ತಿತ್ತು, ಇನ್ನೊಂದು ಗಂಟೆ ಗುಡಿಯ ವಾಸನೆ, ಮೂರನೆಯ ಗಂಟೆಗೆ ಬಾಳ್ಯಾ ತನ್ನ ಗದ್ದುಗೆಗೆ ಮರಳುತ್ತಿದ್ದ. ನಾತದ ಮೇಲೆ ಸುವಾಸನೆ ಹೊದಿಸುವುದೆಂದರೆ ಜಗಳವಾಡಿದ ಗಂಡಹೆಂಡತಿ ಲಗ್ನಕ್ಕೆ ಹೋಗಿ ಫೋಟೋಕ್ಕೆ ನಿಂತ ಹಾಗೆ.

ಈ ಫಿನೈಲಿನ ಭಕ್ತಿ ನಮಗೆ ಎಲ್ಲಿಂದ ಬಂತೋ! ಕರಿಯ ಫಿನೈಲ್ ಕಲ್ಲಿದ್ದಲ ಟಾರಿನಿಂದ ಬಂದದ್ದು, ಅದರಲ್ಲಿರುವುದು ಫಿನಾಲ್ ಜಾತಿಯ ವಸ್ತು. ಕ್ರಿಮಿ ಸಾಯುತ್ತವೆ, ನಿಜ. ಆದರೆ ಉಚ್ಚೆಯಲ್ಲಿ ನಾರುವ ವಸ್ತು ಕ್ರಿಮಿಯಲ್ಲ. ಕಲ್ಲಿನೊಳಗೆ ಇಳಿದ ವಸ್ತು ಅಲ್ಲೇ ಇರುತ್ತದೆ, ಮೇಲೆ ಫಿನೈಲ್ ಕೂತಿರುತ್ತದೆ. ಅದಕ್ಕೂ ಕೆಟ್ಟ ಸಂಗತಿ ಇನ್ನೊಂದಿದೆ. ಮನುಷ್ಯನ, ನಾಯಿಯ ಯಕೃತ್ತು ಫಿನಾಲನ್ನು ಪಳಗಿಸಿ ಹೊರಹಾಕುವಷ್ಟು ಚೆನ್ನಾಗಿ ಬೆಕ್ಕಿನ ಯಕೃತ್ತು ಹಾಕಲಾರದು. ಅದಕ್ಕೆ ಬೇಕಾದ ಕಿಣ್ವ ಬೆಕ್ಕಿನ ಕುಲದಲ್ಲೇ ಕೆಟ್ಟಿದೆ. ಫಿನೈಲ್ ಒರೆಸಿದ ನೆಲದ ಮೇಲೆ ಓಡಾಡಿ ಬಂದು ತನ್ನ ಪಂಜ ನೆಕ್ಕುವ ಬೆಕ್ಕು ವಿಷವನ್ನೇ ನೆಕ್ಕುತ್ತದೆ. ಡಾಂಬರ್ ಗುಳಿಗೆಯದೂ ಅದೇ ಕತೆ. ಶುದ್ಧಿಯ ಹೆಸರಿನಲ್ಲಿ ನಾನು ಬಾಳ್ಯಾನಿಗೆ ದಿನಾ ಎರಡು ಹೊತ್ತು ಏನು ಬಡಿಸುತ್ತಿದ್ದೆ ಎಂದು ಈಗ ನೆನೆದರೆ ಹೊಟ್ಟೆ ಹಿಂಡುತ್ತದೆ.

ಬಬಲೇಶ್ವರದ ಸಂಬಂಧ ಕೂಡಲಿಲ್ಲ. ಕೂಡದಿದ್ದುದು ಬಂಗಾರದ ತೊಲೆಗಳ ಮಾತಿಗೆ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆರೋಪ ಬಾಳ್ಯಾನ ಹೆಸರಿಗೆ ಬರೆಯಲ್ಪಟ್ಟಿತು. ಒಂದು ಮುಂಜಾನೆ ನಾನು ನಳದ ನೀರು ಹಿಡಿಯುತ್ತಿದ್ದಾಗ ಮೈದುನ ಅವನನ್ನು ಗೋಣಿಚೀಲಕ್ಕೆ ಹಾಕಿ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ ತೊರವಿ ದಾಟಿ ಎಲ್ಲೋ ಹೊಲದ ಬದುವಿನಲ್ಲಿ ಬಿಟ್ಟು ಬಂದ. "ತವರಿಗೆ ಕಳಿಸಿ ಬಂದೀನ್ರಿ ವೈನಿ, ತಿಕೋಟಾ ರಸ್ತೇಕ್ಕ ಬಿಟ್ಟೀನಿ, ದಾರಿ ಹುಡುಕ್ಕೊಂಡ ಹೋಗ್ತದ" ಎಂದು ನಕ್ಕ. ತವರಿಗೆ ಕಳಿಸುವುದು! ಆ ಮಾತು ಯಾರ ಬಾಯಲ್ಲಿ, ಯಾವ ಸಿಟ್ಟಿನಲ್ಲಿ, ಯಾರಿಗೆ ಬರುತ್ತದೆ ಎಂದು ನಿಮಗೂ ಗೊತ್ತಿದೆ. ಅವ್ವನಿಗೆ ಫೋನ್ ಮಾಡಿದೆ. ಬಾಳ್ಯಾ ಅಲ್ಲಿಗೆ ಹೋಗಲಿಲ್ಲ. ತಿಕೋಟಾ ವಿಜಯಪುರದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬುಟ್ಟಿಯಲ್ಲಿ ಮುಚ್ಚಿ ಬಂದ ಮರಿಗೆ ದಾರಿ ಹೇಗೆ ತಿಳಿದೀತು?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ, ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬರುವುದು ಅಪರಾಧವೆಂದು ಬರೆದಿದೆ. ಮೊದಲ ಸಲಕ್ಕೆ ಅದು ಬರೆದಿಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ನಾನು ಆ ತಿಂಗಳು ಫಿನೈಲಿಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ.

ಈಗ ನನ್ನ ಮುಖ್ಯ ಜಗಳಕ್ಕೆ ಬರುತ್ತೇನೆ. ಬೆಕ್ಕು ಹೋಯಿತು. ನಾತ ಹೋಯಿತೇ? ಇಲ್ಲ. ದಸರೆಗೆ ಇತ್ತು, ದೀಪಾವಳಿಗೆ ಇತ್ತು, ಸಂಕ್ರಾಂತಿಯ ಬಿಸಿಲಿಗೆ ಸ್ವಲ್ಪ ಅಡಗಿತು, ಯುಗಾದಿಯ ಹೊತ್ತಿಗೆ ಒಂದು ಅಡ್ಡಮಳೆ ಬಂದದ್ದೇ ತಡ, ಮೊದಲಿನ ಗತ್ತಿನಲ್ಲೇ ಎದ್ದು ಕೂತಿತು. ಅಪರಾಧಿಯನ್ನು ಗಡಿಪಾರು ಮಾಡಿದರೂ ಅಪರಾಧ ಮನೆಯಲ್ಲೇ ಉಳಿಯಿತು. ಆ ವರ್ಷವೇ, 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಆಗಿ ಮನೆಯ ಗಂಡಸರೆಲ್ಲ ಹಗಲು ಹೊತ್ತು ಮನೆಯಲ್ಲಿ ಕೂರಬೇಕಾಯಿತು. ಮೂರನೆಯ ದಿನ ನನ್ನ ಗಂಡ, "ಏನಿದು, ಮನ್ಯಾಗ ಇಷ್ಟ ನಾತ?" ಎಂದು ಕೇಳಿದರು, ಆರು ತಿಂಗಳ ನಂತರ, ಹೊಸದಾಗಿ ಕಂಡುಹಿಡಿದವರ ಹಾಗೆ. ಮೂಗಿಗೆ ಒಂದು ಗುಣವಿದೆ: ಅದೇ ವಾಸನೆಯಲ್ಲಿ ಕೂತರೆ ಸ್ವಲ್ಪ ಹೊತ್ತಿನಲ್ಲಿ ತಿಳಿಯುವುದನ್ನೇ ಬಿಡುತ್ತದೆ. ಹೊರಗಿನಿಂದ ಬಂದವರಿಗೆ ಮಾತ್ರ ತಿಳಿಯುತ್ತದೆ. ಆ ಸೋದರತ್ತೆಯ ಮೇಲಿನ ನನ್ನ ಸಿಟ್ಟು ಆ ದಿನ ಅರ್ಧ ಇಳಿಯಿತು. ಆಕೆ ಸುಳ್ಳು ಹೇಳಿರಲಿಲ್ಲ.

ಹೊರಗೆ ಹೋಗುವ ಹಾಗಿಲ್ಲ, ಯಾರೂ ಬರುವ ಹಾಗಿಲ್ಲ. ನಾನು ನೆಲದ ಮೇಲೆ ಕೂತು ಈ ನಾತದ ಶಾಸ್ತ್ರವನ್ನೇ ಓದತೊಡಗಿದೆ.

ಉಚ್ಚೆಯಲ್ಲಿ ಇರುವುದು ಯೂರಿಯಾ, ನಾವು ಹೊಲಕ್ಕೆ ಚೆಲ್ಲುವ ಅದೇ ಯೂರಿಯಾ. ತಾಜಾ ಇದ್ದಾಗ ಅದು ನಾರುವುದಿಲ್ಲ. ನೆಲದಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ, ಕಣ್ಣು ಚುರುಗುಡುವುದು ಅದರಿಂದ. ಬೆಕ್ಕಿನ ಉಚ್ಚೆಯಲ್ಲಿ ಇನ್ನೊಂದು ವಿಶೇಷ ವಸ್ತುವಿದೆ, ಅದರ ಹೆಸರು ಫೆಲಿನಿನ್. ಗಂಧಕವಿರುವ ಅಮೈನೊ ಆಮ್ಲ. ಇದು ತಾನಾಗಿ ನಾರುವುದಿಲ್ಲ; ಗಂಟೆಗಳು ಕಳೆದಂತೆ ಒಡೆದು ಗಂಧಕದ ಸಣ್ಣ ಸಣ್ಣ ವಸ್ತುಗಳಾಗುತ್ತದೆ, ಅವೇ ಆ ಬೆಕ್ಕಿನ ಖಾಸಾ ನಾತ. ಬೆಕ್ಕಿನ ಮೂತ್ರಪಿಂಡದಲ್ಲಿ ಇದನ್ನು ತಯಾರಿಸಲು ನೆರವಾಗುವ ಕಾಕ್ಸಿನ್ ಎಂಬ ಪ್ರೋಟೀನಿನ ಕೆಲಸವನ್ನು 2006ರಲ್ಲಿ ಜಪಾನಿನ ವಿಜ್ಞಾನಿಗಳು ಬಿಡಿಸಿ ತೋರಿಸಿದರು. ಬೀಜ ತೆಗೆಸದ ಗಂಡುಬೆಕ್ಕಿನಲ್ಲಿ ಫೆಲಿನಿನ್ ಬಹಳ ಹೆಚ್ಚು. ಇದು ಅದರ ಮನೆಯ ಬಾಗಿಲಿಗೆ ಅದು ಹಾಕುವ ಹೆಸರಿನ ಹಲಗೆ. ನಮ್ಮ ಗಂಡಸರು ಕಲ್ಲಿನಲ್ಲಿ ಕೆತ್ತಿಸುತ್ತಾರೆ, ಬಾಳ್ಯಾ ತನಗೆ ಬಂದ ರೀತಿಯಲ್ಲಿ ಬರೆದಿದ್ದ.

ಹಾಗಾದರೆ ತೊಳೆದರೆ ಏಕೆ ಹೋಗುವುದಿಲ್ಲ? ಇದಕ್ಕೆ ಉತ್ತರ ನಮ್ಮ ಕಾಲ ಕೆಳಗೇ ಇದೆ. ನಮ್ಮ ಸೀಮೆಯ ಮನೆಗಳ ನೆಲ ಶಹಾಬಾದಿ ಫರಸಿಯದು, ಇಲ್ಲವೇ ತಾಳಿಕೋಟಿ ಕಲ್ಲಿನದು. ಎರಡೂ ಸುಣ್ಣಕಲ್ಲು. ನೋಡಲು ಗಟ್ಟಿ, ಆದರೆ ಕಣ್ಣಿಗೆ ಕಾಣದ ರಂಧ್ರಗಳು, ಕಲ್ಲುಗಳ ನಡುವೆ ಹಳೆಯ ಸಿಮೆಂಟು ಉದುರಿದ ಸಂದು. ಉಚ್ಚೆ ಮೇಲೆ ನಿಲ್ಲುವುದಿಲ್ಲ, ಸಂದಿಯಲ್ಲಿ ಇಳಿದು ಕೆಳಗಿನ ಮರಳಿಗೆ ಹೋಗುತ್ತದೆ. ಉಪ್ಪು, ಪ್ರೋಟೀನು ಅಲ್ಲಿ ಒಣಗಿ ಕೂರುತ್ತವೆ. ಗಾಳಿಯಲ್ಲಿ ತೇವ ಬಂದಾಗ ಉಪ್ಪು ನೀರು ಕುಡಿದು ಮತ್ತೆ ಏಳುತ್ತದೆ. ಅದಕ್ಕೇ ಮಳೆಯ ದಿನವೇ ನಾತ, ಅದಕ್ಕೇ ಬೀಗರು ಮಳೆಯ ದಿನವೇ ಬರುತ್ತಾರೆ. ಬಕೆಟ್‌ಗಟ್ಟಲೆ ನೀರು ಸುರಿದು ತೊಳೆಯುವ ನಮ್ಮ ಪದ್ಧತಿ ಏನು ಮಾಡುತ್ತದೆಂದರೆ, ಒಂದು ಗೇಣಿನ ಉಚ್ಚೆಯನ್ನು ಸಂದಿಯ ಮೂಲಕ ಒಂದು ಮಾರಿಗೆ ಹರಡುತ್ತದೆ. ನೀರಾದರೂ ಎಂಥದು? ಕೊಲ್ಹಾರದ ಕೃಷ್ಣೆಯಿಂದ, ಭೂತನಾಳ ಕೆರೆಯಿಂದ ನಗರಕ್ಕೆ ಬರುವ ನೀರು ನಮಗೆ ದಿನಾ ಬರುವುದಿಲ್ಲ. ಉಳಿದ ದಿನ ಬೋರಿನ ಸವಳು ನೀರು. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಜಿಡ್ಡಾಗಿ ಕಲ್ಲಿಗೇ ಅಂಟುತ್ತದೆ, ಆ ಜಿಡ್ಡಿನೊಳಗೆ ನಾತ ಬೆಚ್ಚಗೆ ಕೂರುತ್ತದೆ.

ಬುದ್ಧಿ ಹೇಳುವವರಿಗೇನು ಕೊರತೆಯಿಲ್ಲ. ವಿನೆಗರ್ ಹಾಕಿರಿ, ಲಿಂಬೆ ಹಿಂಡಿರಿ, ಬಚ್ಚಲು ತೊಳೆಯುವ ಆಸಿಡ್ ಹಾಕಿರಿ. ಹೊರದೇಶದ ಮರದ ನೆಲಕ್ಕೆ, ರತ್ನಗಂಬಳಿಗೆ ಹೇಳಿದ ಉಪಾಯವನ್ನು ನಮ್ಮ ಫರಸಿಗೆ ತಂದು ಹಾಕುವ ಮೊದಲು ಇವರು ಒಂದು ಲಿಂಬೆಹೋಳನ್ನು ಫರಸಿಯ ಮೇಲೆ ಒಂದು ರಾತ್ರಿ ಮಗುಚಿಟ್ಟು ನೋಡಿದ್ದರೆ ಸಾಕಿತ್ತು. ಹುಳಿ ಬಿದ್ದರೆ ಸುಣ್ಣಕಲ್ಲು ಕರಗುತ್ತದೆ. ಆಸಿಡ್ ಬಿದ್ದರೆ ಬುಸುಗುಟ್ಟಿ ನೊರೆ ಏಳುತ್ತದೆ, ಹೆಂಗಸರು ಅದನ್ನು ಕೊಳೆ ಏಳುತ್ತಿದೆ ಎಂದು ನೋಡಿ ಸಂತೋಷಪಡುತ್ತಾರೆ. ಏಳುತ್ತಿರುವುದು ಕೊಳೆಯಲ್ಲ, ನೆಲ. ಹೊಳಪು ಹೋಗಿ ಕಲ್ಲು ಒರಟಾಗುತ್ತದೆ, ಮುಂದಿನ ಉಚ್ಚೆ ಇನ್ನೂ ಆಳಕ್ಕೆ ಇಳಿಯುತ್ತದೆ. ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ: ಉಚ್ಚೆಯ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಅಮೋನಿಯಾಕ್ಕೆ ಬ್ಲೀಚ್ ಕೂಡಿದರೆ ಕ್ಲೋರಮೈನ್ ಎಂಬ ವಿಷಗಾಳಿ ಏಳುತ್ತದೆ. ಬ್ಲೀಚಿಗೆ ಬಚ್ಚಲಿನ ಆಸಿಡ್ ಕೂಡಿದರೆ ಕ್ಲೋರಿನ್ ಗಾಳಿಯೇ ಬರುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಬಗ್ಗಿ ತಿಕ್ಕುವವಳು ಯಾರು ಎಂದು ನಾನು ಹೇಳಬೇಕಾಗಿಲ್ಲ.

ನಮ್ಮ ಆಯಿ ತಿಕೋಟಾದ ಮಣ್ಣಿನ ಮನೆಯಲ್ಲಿ ಏನು ಮಾಡುತ್ತಿದ್ದಳು? ಬೆಕ್ಕೋ ಕೂಸೋ ನೆಲದ ಮೇಲೆ ಹೊಯ್ದರೆ ಕೂಡಲೇ ಒಂದು ಬೊಗಸೆ ಒಲೆಯ ಬೂದಿ ಚೆಲ್ಲುತ್ತಿದ್ದಳು. ಅದು ಹೀರಿಕೊಂಡ ಮೇಲೆ ಬಳಿದು ತಿಪ್ಪೆಗೆ. ಹೆಚ್ಚಾಗಿದ್ದರೆ ಆ ಜಾಗದ ಮಣ್ಣನ್ನೇ ಕೆರೆದು ತೆಗೆದು, ಹೊಸ ಮಣ್ಣು ಬಡಿದು ಸಾರಿಸುತ್ತಿದ್ದಳು. ತೊಳೆಯುತ್ತಿರಲಿಲ್ಲ. ಇದರಲ್ಲಿ ಎರಡು ಪಾಠವಿದೆ: ಮೊದಲು ಹೀರಬೇಕು, ತಿಕ್ಕಬಾರದು, ಮತ್ತು ಎಷ್ಟು ಆಳಕ್ಕೆ ಉಚ್ಚೆ ಹೋಗಿದೆಯೋ ಅಷ್ಟು ಆಳಕ್ಕೆ ನಾವೂ ಹೋಗಬೇಕು.

ಆ ಬೇಸಿಗೆಯಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಜಾಗ ಹುಡುಕಿದೆ. ಮೂಗನ್ನು ನಂಬುವ ಹಾಗಿರಲಿಲ್ಲ. ನೋಟು ಖರೆಯೋ ಖೊಟ್ಟಿಯೋ ನೋಡುವ ನೇರಳೆ ಬೆಳಕಿನ ಸಣ್ಣ ಬ್ಯಾಟರಿ ಇರುತ್ತದಲ್ಲ, ಪರಿಚಯದ ಕಿರಾಣಿ ಅಂಗಡಿಯಿಂದ ಅದನ್ನು ಎರವಲು ತಂದೆ. ರಾತ್ರಿ ದೀಪ ಆರಿಸಿ ಹಿಡಿದರೆ ಒಣಗಿದ ಉಚ್ಚೆ ಹಳದಿ ಹಸಿರಾಗಿ ಹೊಳೆಯುತ್ತದೆ. ಪಡಸಾಲೆಯಲ್ಲಿ ನಾನು ಹೋಳಿಗೆ ಲಟ್ಟಿಸಲು ಕೂರುವ ಜಾಗದಿಂದ ಒಂದೂವರೆ ಮೊಳ ದೂರದಲ್ಲಿ ಒಂದು ಭಾರತದ ನಕಾಶೆಯೇ ಎದ್ದು ಬಂತು. ಎಂಟು ಕಡೆ ಸುಣ್ಣದ ಬಳಪದಿಂದ ಗುರುತು ಹಾಕಿದೆ. ನಾನು ವರ್ಷಗಟ್ಟಲೆ ಫಿನೈಲ್ ಸುರಿದದ್ದು ಅವುಗಳಲ್ಲಿ ಮೂರಕ್ಕೆ ಮಾತ್ರ!

ಆಮೇಲೆ ಹಳೆಯ ಫಿನೈಲಿನ, ಸಾಬೂನಿನ ಜಿಡ್ಡನ್ನು ಬೆಚ್ಚಗಿನ ನೀರಿನಿಂದ ತೆಗೆದೆ. ಇದು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ, ಏಕೆಂದರೆ ಕಿಣ್ವ ಎನ್ನುವುದು ಫಿನೈಲಿನ ಜೊತೆ ಬಾಳುವೆ ಮಾಡುವುದಿಲ್ಲ. ಬಟ್ಟೆ ತೊಳೆಯುವ ಪುಡಿಗಳಲ್ಲಿ ಕೆಲವು ಕಿಣ್ವ ಬೆರೆಸಿದವು ಇರುತ್ತವೆ, ಪೊಟ್ಟಣದ ಮೇಲೆ ಎನ್ಝೈಮ್ ಎಂದು ಬರೆದಿರುತ್ತದೆ. ಪ್ರೋಟೀನನ್ನು ಅವು ಅರೆದು ಸಣ್ಣದು ಮಾಡುತ್ತವೆ. ಪ್ರಾಣಿಗಳ ಉಚ್ಚೆಗೆಂದೇ ಮಾಡಿದ ದ್ರಾವಣಗಳೂ ಈಗ ಸಿಗುತ್ತವೆ, ಬೆಲೆ ಹೆಚ್ಚು. ಅವುಗಳ ಬಾಟಲಿಯ ಮೇಲೆ ಯೂರಿಕ್ ಆಮ್ಲವನ್ನು ರಾವಣನ ಹಾಗೆ ಚಿತ್ರಿಸಿರುತ್ತಾರೆ. ನಾಯಿ ಬೆಕ್ಕುಗಳು ಅದರ ಬಹುಪಾಲನ್ನು ಮೈಯೊಳಗೇ ಬೇರೆ ವಸ್ತುವಾಗಿ ಮಾಡಿಕೊಳ್ಳುತ್ತವೆ, ಚುಕ್ಕೆಯ ಡಾಲ್ಮೇಶಿಯನ್ ನಾಯಿಯೊಂದು ಬೇರೆ. ಇರಲಿ, ವ್ಯಾಪಾರ. ಪುಡಿಯನ್ನು ಉಗುರುಬೆಚ್ಚನೆ ನೀರಿನಲ್ಲಿ ಕದಡಿ, ಸಂದಿಯೊಳಗೆ ಇಳಿಯುವಷ್ಟು ಹಾಕಿ, ಮೇಲೆ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಇಡೀ ರಾತ್ರಿ ಬಿಟ್ಟೆ. ಕಿಣ್ವಕ್ಕೆ ಕೆಲಸ ಮಾಡಲು ತೇವ ಬೇಕು, ಹೊತ್ತು ಬೇಕು. ಹಾಕಿ ಐದು ನಿಮಿಷಕ್ಕೆ ಒರೆಸಿ ತೆಗೆದು "ಇದೂ ಸುಳ್ಳು" ಎನ್ನುವವರು ಅಕ್ಕಿ ಹಾಕಿ ಕೂಡಲೇ ಅನ್ನ ಬಡಿಸುವವರು. ಬೆಳಿಗ್ಗೆ ಹಳೆಯ ಧೋತರ ಒತ್ತಿ ನೀರು ಹೀರಿ, ಫ್ಯಾನ್ ಹಾಕಿ ಒಣಗಿಸಿದೆ. ಮೂರು ರಾತ್ರಿ ಹೀಗೆ. ಆಮೇಲೂ ಗಂಧಕದ ಜಾಡು ಉಳಿದ ಎರಡು ಜಾಗಕ್ಕೆ ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು, 6 ಪ್ರತಿಶತದ್ದು, ಸಮ ನೀರು ಬೆರೆಸಿ ಹಾಕಿದೆ. ಅದು ಗಂಧಕದ ವಸ್ತುವನ್ನೇ ಬದಲಿಸಿಬಿಡುತ್ತದೆ. ಬಣ್ಣದ ಬಟ್ಟೆಗೆ ಬಿದ್ದರೆ ಬಣ್ಣ ಹೋಗುತ್ತದೆ, ವಿನೆಗರಿನ ಜೊತೆ ಕೂಡಿಸಬಾರದು. ಕೊನೆಗೆ ಸಂದುಗಳ ಸತ್ತ ಸಿಮೆಂಟನ್ನು ಹಳೆಯ ಚಾಕುವಿನಿಂದ ಕೆರೆದು ತೆಗೆದು ಹೊಸದಾಗಿ ತುಂಬಿಸಿದೆವು. ನಿಜ ಹೇಳಬೇಕೆಂದರೆ ಅರ್ಧ ಗುಣ ಬಂದದ್ದು ಆ ಸಿಮೆಂಟಿನಿಂದ.

ಕೌದಿಯನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟು, ಜಾಲಾಡಿ, ಆಮೇಲೆ ಕಿಣ್ವದ ಪುಡಿಯಲ್ಲಿ ನೆನೆಸಿದೆ. ಬಟ್ಟೆಗೆ ಹುಳಿ ಆಗುತ್ತದೆ, ಕಲ್ಲಿಗೆ ಆಗದು. ಗಾದಿಯದು ಬೇರೆ ದಾರಿಯಿಲ್ಲ. ಹೊದಿಕೆ ಬಿಚ್ಚಿ, ಕಲೆಯಾದ ಹತ್ತಿ ತೆಗೆದೆಸೆದು, ಉಳಿದುದನ್ನು ಮಾಳಿಗೆಯ ಮೇಲೆ ಮೇ ತಿಂಗಳ ಬಿಸಿಲಿಗೆ ಹರವಿ ಹಿಂಜಿಸಬೇಕು. ವಿಜಯಪುರದ ಬಿಸಿಲು ಯಾವುದಕ್ಕಾದರೂ ಉಪಯೋಗಕ್ಕೆ ಬರಬೇಕಲ್ಲ.

ಈ ಎಲ್ಲ ಕೆಲಸದಲ್ಲಿ ನನ್ನ ಗಂಡ ಒಂದು ರಾತ್ರಿ ಬ್ಯಾಟರಿ ಹಿಡಿದರು, ಎರಡನೆಯ ದಿನ ಸಂದು ಕೆರೆದರು, ಮೂರನೆಯ ದಿನ "ನಾ ಬೆಕ್ಕಿನ ನಾತ ತಗಸೀನಿ" ಎಂದು ಫೋನಿನಲ್ಲಿ ಮೂವರು ಗೆಳೆಯರಿಗೆ ಹೇಳಿದರು. ನಾನು ಸುಮ್ಮನಿದ್ದೆ. ಮುಂದಿನ ಸಲ ಕರೆಯಲು ಬೇಕಲ್ಲ.

ಬೆಕ್ಕು ಮನೆಯೊಳಗೆ ಏಕೆ ಹೊಯ್ಯುತ್ತದೆ ಎಂದು ಯಾರೂ ಕೇಳುವುದಿಲ್ಲವಲ್ಲ, ಅದು ನನ್ನ ಇನ್ನೊಂದು ಜಗಳ. ಬೆಕ್ಕಿನಂಥ ಚೊಕ್ಕಟ ಪ್ರಾಣಿ ಇಲ್ಲ. ಕುಣಿ ತೋಡಿ, ಕೂತು, ಮುಚ್ಚಿ, ಮೂಸಿ ನೋಡಿ ಬರುವ ಜಾತಿ. ತಿಕೋಟಾದಲ್ಲಿ ಹಿತ್ತಲಲ್ಲಿ ಎರೆಮಣ್ಣಿದೆ, ತಿಪ್ಪೆಯಿದೆ. ಅವ್ವನ ಮನೆಯಲ್ಲಿ ಬೆಕ್ಕಿನ ನಾತ ಎಂಬ ಮಾತನ್ನೇ ನಾನು ಕೇಳಿರಲಿಲ್ಲ. ಇಲ್ಲಿ ವಿಜಯಪುರದ ನಮ್ಮ ಓಣಿಯಲ್ಲಿ ಹಿತ್ತಲಿಗೆ ಫರಸಿ, ಅಂಗಳಕ್ಕೆ ಟೈಲ್ಸು, ಗಟಾರಕ್ಕೆ ಕಾಂಕ್ರೀಟು, ರಸ್ತೆಗೆ ಸಿಮೆಂಟು. ಒಂದು ಬೊಗಸೆ ಮಣ್ಣು ಬೇಕೆಂದರೆ ತುಳಸಿಕಟ್ಟೆಗೆ ಹೋಗಬೇಕು, ಅಲ್ಲಿಗೆ ಬೆಕ್ಕು ಹೋದರೆ ಕೇಳಬೇಕೇ. ಭೂಮಿಯನ್ನೆಲ್ಲ ಮುಚ್ಚಿ ಹಾಕಿ ಬೆಕ್ಕಿಗೆ "ಹೊರಗ ಹೋಗು" ಅಂದರೆ ಅದು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆ ನಮಗೆ ಹೊಸದಲ್ಲ. ಬೆಳಿಗ್ಗೆ ಬಜಾರಿಗೆ ಹೋದ ಹೆಂಗಸು ಮನೆಗೆ ಬರುವವರೆಗೆ ತಡೆದುಕೊಂಡೇ ಇರುತ್ತಾಳೆ, ನೀರು ಕುಡಿಯದೆ ಹೋಗುತ್ತಾಳೆ, ಉರಿಮೂತ್ರ ಹಚ್ಚಿಕೊಂಡು ಯಾರಿಗೂ ಹೇಳದೆ ಬಾರ್ಲಿ ನೀರು ಕುಡಿಯುತ್ತಾಳೆ. ಅದೇ ಬಜಾರಿನ ಕಂಪೌಂಡ್ ಗೋಡೆಗೆ ಗಂಡಸರು ನಿಲ್ಲಬಾರದೆಂದು ದೇವರ ಚಿತ್ರದ ಟೈಲ್ಸ್ ಹಚ್ಚಿರುತ್ತಾರೆ. ಮೂರು ಕೋಟಿ ದೇವರು ಇದ್ದಲ್ಲಿ ನಿಲ್ಲುವುದಿಲ್ಲ, ಟೈಲ್ಸ್ ಮುಗಿದಲ್ಲಿ ನಿಲ್ಲುತ್ತಾರೆ. ಆ ಗೋಡೆಗಳ ನಾತಕ್ಕೆ ಯಾರನ್ನೂ ಗೋಣಿಚೀಲಕ್ಕೆ ಹಾಕಿ ತೊರವಿಯಾಚೆ ಬಿಟ್ಟು ಬಂದದ್ದನ್ನು ನಾನು ಕೇಳಿಲ್ಲ.

2021ರಲ್ಲಿ ಅತ್ತೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರು. ಹತ್ತು ತಿಂಗಳು. ದಿನಕ್ಕೆ ಎಷ್ಟು ಸಲ ಗಾದಿ ಒದ್ದೆಯಾಗುತ್ತಿತ್ತೆಂದು ಲೆಕ್ಕವಿಲ್ಲ. ಅದೇ ಯೂರಿಯಾ, ಅದೇ ಅಮೋನಿಯಾ, ಅದೇ ಫರಸಿ. ಬಾಳ್ಯಾನ ಕಾಲದಲ್ಲಿ ಕಲಿತ ವಿದ್ಯೆಯಿಂದಲೇ ನಾನು ಆ ಕೋಣೆಯನ್ನು ಕಾಪಾಡಿದೆ: ಹೀರಿಸಿ, ನೆನೆಸಿ, ಒಣಗಿಸಿ. ನೋಡಲು ಬಂದವರು ಯಾರೂ ಸೆರಗು ಮೂಗಿಗೆ ಹಿಡಿಯಲಿಲ್ಲ. ಒಂದು ದಿನ ನಾನು ಹಾಸಿಗೆ ಬದಲಿಸುತ್ತಿದ್ದಾಗ ಅತ್ತೆಯವರು ತೊದಲುತ್ತ, ಒಂದು ಬದಿಯ ಬಾಯಲ್ಲೇ ನಕ್ಕು, "ನನ್ನೂ ತಿಕೋಟಾ ದಾರ್‍ಯಾಗ ಬಿಟ್ಟ ಬರ್‍ರಿ ಬೇ" ಅಂದರು. ಮೈದುನ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಸಂಜೆ ಬಂದು ಅವನೇ ಗೋಣಿ ಒಗೆದು ಹಾಕಿದ. ಅತ್ತೆಯವರು 2022ರ ಬೇಸಿಗೆಯಲ್ಲಿ ತೀರಿಕೊಂಡರು.

ಮರುವರ್ಷ ಅವ್ವ ಮತ್ತೆ ಒಂದು ಮರಿ ಕಳಿಸಿದಳು. ಬೀಜ ತೆಗೆಸಲು ಪಶು ವೈದ್ಯರ ಹತ್ತಿರ ಒಯ್ದಾಗ ಮಾತಿಗೆ ಮಾತು ಬಂದು ಬಾಳ್ಯಾನ ಕತೆ ಹೇಳಿದೆ. ಎಲ್ಲೆಂದರಲ್ಲಿ ಕೂತು ನಾಲ್ಕು ಹನಿ ಬಿಡುತ್ತಿದ್ದ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ, "ಅಕ್ಕಾರ, ಅದು ಹಠಾ ಅಲ್ಲರಿ, ಬ್ಯಾನಿ" ಅಂದರು. ಗಂಡುಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಮೂತ್ರಕೋಶ ಬಾತರೆ, ಹರಳು ಕಟ್ಟಿದರೆ, ಹೊಯ್ಯಲು ಬರುವುದಿಲ್ಲ. ಪ್ರಾಣಿ ಮತ್ತೆ ಮತ್ತೆ ಕೂತು ತಿಣುಕುತ್ತದೆ, ಎಲ್ಲಿ ಬಂದರೆ ಅಲ್ಲಿ. ಪೂರ್ತಿ ಕಟ್ಟಿದರೆ ಎರಡು ಮೂರು ದಿನದಲ್ಲಿ ಸಾವು. ಬಾಲ ಎತ್ತಿ ಗೋಡೆಗೆ ಹೊಡೆಯುವುದು ಬೇರೆ, ಅದು ಗಂಡುತನ. ಹೀಗೆ ಕೂತು ಹನಿ ಬಿಡುವುದು ಬೇರೆ. ಇದಕ್ಕೆ ಅದೇ ದಿನ ಡಾಕ್ಟರರ ಹತ್ತಿರ ಓಡಬೇಕು. ನಾವು ಅವನನ್ನು ಚೀಲದಲ್ಲಿ ಕಟ್ಟಿದ್ದೆವು. ಅವನು ತೊರವಿಯ ಬದುವಿನಲ್ಲಿ ಎಷ್ಟು ದಿನ ಇದ್ದನೋ. ಮೈದುನನಿಗೆ ನಾನು ಇದನ್ನು ಹೇಳಿಲ್ಲ. ಈ ಪುಸ್ತಕ ಬಂದರೆ ಓದುತ್ತಾನೋ ಏನೋ, ಓದಲಿ.

ಈಗಿನ ಬೆಕ್ಕಿಗೆ ಬಚ್ಚಲಿನ ಪಕ್ಕದಲ್ಲಿ ಒಂದು ಅಗಲ ಪ್ಲಾಸ್ಟಿಕ್ ಬುಟ್ಟಿಯ ತುಂಬ ತಿಕೋಟಾದ ಎರೆಮಣ್ಣು ಜರಡಿ ಹಿಡಿದು ಹಾಕಿಟ್ಟಿದ್ದೇನೆ, ಇನ್ನೊಂದು ಮಾಳಿಗೆಯ ಮೇಲಿದೆ. ದಿನಾ ಹೆಂಟೆ ತೆಗೆಯುವುದು, ವಾರಕ್ಕೊಮ್ಮೆ ಮಣ್ಣು ಬದಲಿಸುವುದು. ತೆಗೆದ ಮಣ್ಣನ್ನು ತರಕಾರಿ ಕುಂಡಕ್ಕೆ ಹಾಕುವುದಿಲ್ಲ. ಬಸುರಿಯರು ಈ ಕೆಲಸ ಮಾಡಬಾರದು, ಬೆಕ್ಕಿನ ಹೇಲಿನಿಂದ ಟಾಕ್ಸೊಪ್ಲಾಸ್ಮಾ ಎಂಬ ಸೋಂಕು ಹೊಟ್ಟೆಯ ಕೂಸಿಗೆ ತಾಗಬಹುದು, ಅದು ಮನೆಯ ಗಂಡಸರ ಪಾಲಿಗೆ. ಬಸುರಿಯರಿಲ್ಲದ ನಮ್ಮ ಮನೆಯಲ್ಲೂ ಅದನ್ನು ಗಂಡಸರ ಪಾಲಿಗೇ ಬರೆದಿಟ್ಟಿದ್ದೇನೆ. ಗೊಣಗುತ್ತ ಮಾಡುತ್ತಾರೆ.

ಮೊನ್ನೆ ರಾತ್ರಿ ಗುಡುಗಿ ಮಳೆ ಬಂತು. ನಸುಕಿನಲ್ಲಿ ಎದ್ದವಳು ಚಹಾಕ್ಕೆ ನೀರಿಡುವ ಮೊದಲು ಪಡಸಾಲೆಯ ಆ ಮೂಲೆಗೆ ಹೋಗಿ ಮೊಣಕಾಲೂರಿ ಫರಸಿಗೆ ಮೂಗು ಹಚ್ಚಿ ನೋಡಿದೆ. ಒದ್ದೆ ಕಲ್ಲಿನ ವಾಸನೆ ಬಂತು. ಬೆಕ್ಕು ಬಂದು ನನ್ನ ಪಕ್ಕದಲ್ಲಿ ನಿಂತು ತಾನೂ ಅಲ್ಲೇ ಮೂಸಿ ನೋಡಿ, ನನ್ನ ಮುಖ ನೋಡಿತು.